ಮೂರು ಗಂಟಿನ ಡಬ್ಬಿ

ಬಂಡೆಯ ಸಂದಿಯಲ್ಲಿ ಮೊಣಕೈವರೆಗೂ ಕೈ ತೂರಿಸಿಕೊಂಡು ಕೂತಿರುವಾಗ ಯಾರಾದರೂ ನೋಡಿಬಿಟ್ಟರೆ ಹೇಳಲು ಹರಿತಾ ಬಳಿ ಸದಾ ಮೂರು ಸುಳ್ಳು ಸಿದ್ಧವಿರುತ್ತಿದ್ದವು. ಗಂಡಸರು ಕೇಳಿದರೆ ಕಿವಿಯೋಲೆ ಬಿದ್ದಿದೆ ಅನ್ನುವುದು. ಹೆಂಗಸರಿಗೆ ಓಲೆಯ ಕತೆ ಹೇಳುವಂತಿಲ್ಲ, ಅವರೂ ಸೆರಗು ಸಿಕ್ಕಿಸಿ ಹುಡುಕಲು ಕೂತುಬಿಡುತ್ತಾರೆ. ಅವರಿಗೆ ‘ಈಗಷ್ಟೇ ಒಳಗೆ ಹಾವು ಹೋದಂಗಾತು’ ಅಂದರೆ ಸಾಕು, ಹಿಂತಿರುಗಿ ನೋಡದೆ ನಡೆದುಬಿಡುತ್ತಾರೆ. ಇನ್ನು ಖಾಕಿ ಬಟ್ಟೆಯವರು ಬಂದರೆ ‘ಸರ್ವೆ’. ಇದು ಅರ್ಧ ನಿಜ. ಇಪ್ಪತ್ನಾಲ್ಕರ ಹರಿತಾ ಆಂಧ್ರದ ಗಡಿಯ ದೇವನಕೊಂಡದ ಕಡೆಯ ಒಂದು ಹಳ್ಳಿಗೆ ಸರ್ಕಾರಿ ಸರ್ವೇಯರು. ವಾರವಿಡೀ ಊರವರ ಹೊಲ ಅಳೆಯುತ್ತಿದ್ದಳು. ರಜೆ ಸಿಕ್ಕಿದ ಕೂಡಲೇ ಮನೆಯಿದ್ದ ಆದೋನಿಯಿಂದ ಬಸ್ಸು ಹತ್ತಿ, ಯಾರೋ ಎಲ್ಲೋ ಬಚ್ಚಿಟ್ಟ ಡಬ್ಬಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದಳು.

ಆಟದ ಹೆಸರು ಜಿಯೋಕ್ಯಾಶಿಂಗ್. ಲೋಕದ ಯಾವುದೋ ಮೂಲೆಯಲ್ಲಿ ಒಬ್ಬರು ಪುಟ್ಟ ಡಬ್ಬಿಯೊಂದನ್ನು ಬಚ್ಚಿಟ್ಟು, ಅದಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಆಪ್‌ನಲ್ಲಿ ಹಾಕುತ್ತಾರೆ. ಇನ್ನೊಬ್ಬರು ಹುಡುಕಿಕೊಂಡು ಬಂದು, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಬೇಕಿದ್ದರೆ ಒಂದು ಆಟಿಕೆ ತೆಗೆದುಕೊಂಡು, ಅದರ ಬದಲಿಗೆ ಇನ್ನೇನಾದರೂ ಇಟ್ಟು, ಡಬ್ಬಿಯನ್ನು ಇದ್ದಲ್ಲೇ ಮುಚ್ಚಿಟ್ಟು ಹೋಗುತ್ತಾರೆ. ಅಷ್ಟೇ. ಬಹುಮಾನವಿಲ್ಲ, ಗೆದ್ದವರಿಲ್ಲ. ದಾರಿಹೋಕರಿಗೆ ಗೊತ್ತಾಗಬಾರದು ಅನ್ನುವುದೊಂದೇ ಕಟ್ಟುನಿಟ್ಟು, ಹರಿತಾಳಿಗೆ ಹಿಡಿಸಿದ್ದೂ ಅದೇ. ಮನೆಯವರೊಂದಿಗೆ ಮಂತ್ರಾಲಯಕ್ಕೆ ಹೋದಾಗ ಲಾಡ್ಜೊಂದರ ಕಾಂಪೌಂಡಿನ ಸುತ್ತ ಕೈಮುಗಿದುಕೊಂಡು ಏಳು ಸುತ್ತು ಹಾಕಿದ್ದಳು. ಅವಳ ತಾಯಿ ಗಾದಿಲಿಂಗಮ್ಮ ಮಗಳ ಭಕ್ತಿ ಕಂಡು ಕಣ್ಣೊರೆಸಿಕೊಂಡಿದ್ದರು. ಏಳನೆಯ ಸುತ್ತಿಗೆ ಡಬ್ಬಿ ನೀರಿನ ಪೈಪಿನ ಹಿಂದೆ ಸಿಕ್ಕಿತ್ತು.

ಹುಡುಕಿ ಹುಡುಕಿ ಸಾಕಾಗಿ ಮೂರು ವಾರದ ಹಿಂದೆ ತಾನೇ ಒಂದು ಡಬ್ಬಿ ಬಚ್ಚಿಟ್ಟಿದ್ದಳು. ಆದೋನಿಯಿಂದ ದೇವನಕೊಂಡದ ಕಡೆ ಹೋಗುವ ರಸ್ತೆಯಲ್ಲಿ ಒಂದು ಬೋಳುಗುಡ್ಡ, ಅದರ ಮೇಲೆ ಒಂದಕ್ಕೊಂದು ಒರಗಿದ ಜೋಡುಕಲ್ಲು. ಅದರ ಸಂದಿಯಲ್ಲಿ ಮೈಸೂರುಪಾಕಿನ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಡಬ್ಬಿಯೊಳಗೆ ಹೆಸರು ಬರೆಯುವ ಪುಸ್ತಕ, ಒಂದು ಪೆನ್ಸಿಲ್ಲು, ಬೊಂಬಾಯಿ ಮಿಠಾಯಿಯವನ ಹತ್ತಿರ ಕೊಂಡ ಹೆಬ್ಬೆರಳಿನಷ್ಟು ದೊಡ್ಡ ಪ್ಲಾಸ್ಟಿಕ್ ಕೂಸು, ಕೆಂಪು ಆಟಿಕೆ ಕಾರು. ಮತ್ತು ನಾಲ್ಕು ದಿನದ ಹಿಂದಷ್ಟೇ ತಂದು ಸೇರಿಸಿದ ಬಿಲ್ಲೆ.

ಎಲ್ಲ ತೊಂದರೆಗೂ ಕಾರಣ ಆ ಬಿಲ್ಲೆ. ಬೆರಳುದ್ದದ ಲೋಹದ ಪಟ್ಟಿ. ಅದರ ಮೇಲೊಂದು ನಂಬರು, ಪರದೇಶದ ಅಕ್ಷರ. ತುದಿಗೆ ನೇತುಬಿದ್ದ ಹಿತ್ತಾಳೆಯ ಮೀನು. ಪೋರ್ಚುಗಲ್ಲಿನಲ್ಲಿ ಬ್ರೆಡ್ಡು ಸುಟ್ಟು ಮಾರುತ್ತಿದ್ದ, ಈಗ ಮೊಣಕಾಲು ಸೋತು ಮನೆ ಹಿಡಿದಿರುವ ಒಬ್ಬ ಮುದುಕ ಆರು ವರ್ಷದ ಹಿಂದೆ ಅದನ್ನು ತನ್ನೂರಿನ ಡಬ್ಬಿಯೊಂದರಲ್ಲಿ ಇಟ್ಟು, ‘ಮೂರು ಸಮುದ್ರ ಕೂಡುವ ಕನ್ಯಾಕುಮಾರಿಯನ್ನು ಇದು ನೋಡಬೇಕು’ ಎಂದು ಆಪ್‌ನಲ್ಲಿ ಬರೆದಿದ್ದ. ಸಿಕ್ಕವರು ಸಿಕ್ಕಷ್ಟು ದೂರ ಒಯ್ಯಬೇಕು, ಮುಂದಿನ ಡಬ್ಬಿಗೆ ಹಾಕಬೇಕು. ಹಾಗೆ ಹದಿನೇಳು ಕೈ ದಾಟಿ ಅದು ಹಂಪಿಗೆ ಬಂದಿತ್ತು. ಹದಿನೆಂಟನೆಯ ಕೈ ಹರಿತಾಳದು. ಎರಡು ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ಮರ್ಯಾದೆಯಿತ್ತು. ಮೀನು ಮುದ್ದಾಗಿತ್ತೆಂದು ಹರಿತಾ ಐದು ತಿಂಗಳು ಇಟ್ಟುಕೊಂಡಳು. ಕೊನೆಗೆ ಮುದುಕನೇ ಸಂದೇಶ ಕಳಿಸಿದ: ‘ಮಗಳೇ, ನನ್ನ ಮೀನು ಕ್ಷೇಮವೇ? ಅವಸರವಿಲ್ಲ. ಆದರೆ ನನಗೆ ಎಂಬತ್ಮೂರು.’

ಅದನ್ನು ಓದಿದ ದಿನವೇ ಹರಿತಾ ಆಪ್‌ನಲ್ಲಿ ಜಾಲಾಡಿ ಸೋಮೇಶ್ ಎಂಬವನನ್ನು ಹಿಡಿದಳು. ಬಳ್ಳಾರಿಯ ಹುಡುಗ, ಹೈದರಾಬಾದಿನಲ್ಲಿ ಔಷಧಿ ಕಂಪನಿಯೊಂದರ ರೆಪ್ರೆಸೆಂಟೇಟಿವ್, ಗೆಳೆಯನ ಮದುವೆಗೆ ನಾಗರಕೋಯಿಲಿಗೆ ಹೊರಟಿದ್ದ. ಅಲ್ಲಿಂದ ಕನ್ಯಾಕುಮಾರಿ ಕೂಗಳತೆ. ಆದಿವಾರ ಬೆಳಗ್ಗೆ ಆದೋನಿಯಲ್ಲಿ ಇಳಿದು, ಹರಿತಾಳ ಡಬ್ಬಿ ಹುಡುಕಿ, ಮೀನು ಎತ್ತಿಕೊಂಡು, ಮೂರು ಗಂಟೆಯ ರೈಲಿಗೆ ಹೊರಡುವುದೆಂದು ಮಾತಾಯಿತು. ಮುದುಕನಿಗೂ ಬರೆದಳು: ‘ಇನ್ನು ಎಂಟು ದಿನದಲ್ಲಿ ನಿಮ್ಮ ಮೀನು ಸಮುದ್ರ ನೋಡುತ್ತದೆ. ಆಣೆ.’

ಆ ಆದಿವಾರ ಬೆಳಗ್ಗೆ ಒಂಬತ್ತಕ್ಕೆ, ಎಲ್ಲ ಸರಿಯಿದೆಯೇ ಎಂದು ನೋಡಲು ಹರಿತಾ ಗುಡ್ಡ ಹತ್ತಿ ಸಂದಿಗೆ ಕೈ ಹಾಕಿದಳು. ಡಬ್ಬಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಎರಡು ವೀಳ್ಯದೆಲೆ, ಒಂದು ಬಟ್ಟಡಕೆ.

ತೆಗೆದುಕೊಂಡವರು ಬದಲಿಗೆ ಏನಾದರೂ ಇಡಬೇಕೆಂಬ ನಿಯಮವನ್ನಂತೂ ಕಳ್ಳ ಪಾಲಿಸಿದ್ದ.

ಗುಡ್ಡದ ಬುಡದಲ್ಲಿ ಸುಂಕಣ್ಣನ ಚಹಾದಂಗಡಿ. ಅವನ ಕಣ್ಣು ತಪ್ಪಿಸಿ ಆ ಗುಡ್ಡಕ್ಕೆ ಒಂದು ಓತಿಕ್ಯಾತವೂ ಹತ್ತಲಾರದು.

“ಏಮ್ಮಾ ಸರ್ವೇಯರಮ್ಮಾ, ಆದಿವಾರಾನೂ ಗುಡ್ಡ ಅಳಿಯಾಕತ್ತಿಯಲ್ಲ, ಅದೇನು ದಿನಾ ಬೆಳೀತೈತೇನು?” ಎಂದು ಸುಂಕಣ್ಣ ಹಲ್ಲು ಬಿಟ್ಟ.

“ಅಣ್ಣಾ, ಮ್ಯಾಲೆ ಜೋಡುಕಲ್ಲಿನ ಕಡಿ ಯಾರಾದ್ರೂ ಹೋಗಿದ್ರೇನು?”

“ಕೊಟ್ರಮ್ಮ ಹೋಗಿದ್ಲು, ಕುರಿ ಉಚ್ಚೀರಪ್ಪನ ಹೇಣ್ತಿ. ಮೊನ್ನಿ ಒಂದು ಮುಡುಪು ಸಿಕ್ತಂತ ಆಕಿಗೆ. ಇಲ್ಲೇ ತಂದು ತೋರ್ಸಿದ್ಲು. ಹಳದಿ ಬಟ್ಟಿ, ಮೂರು ಗಂಟು. ಚೆಂದ ಕಟ್ಯಾರ.”

ಹರಿತಾ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟಳು. ಡಬ್ಬಿಗೆ ಧೂಳು ಹೋಗದಿರಲೆಂದು ಮನೆಯಲ್ಲಿ ಬಿದ್ದಿದ್ದ ಒಂದು ರವಿಕೆ ಪೀಸು ಸುತ್ತಿದ್ದಳು. ಬಂದ ಮುತ್ತೈದೆಯರಿಗೆ ಕೊಟ್ಟು ಕಳಿಸುವ ಪೀಸು ಅದು. ಯಾರೂ ಹೊಲಿಸುವುದಿಲ್ಲ, ಮನೆಯಿಂದ ಮನೆಗೆ ತಿರುಗುತ್ತಲೇ ಇರುತ್ತದೆ. ಅರಿಶಿನ ಬಣ್ಣದ್ದು. ಬಿಚ್ಚಿಕೊಳ್ಳದಿರಲೆಂದು ಮೂರು ಗಂಟು ಬಿಗಿದಿದ್ದಳು. ಅವಳ ಮನೆಯ ದೇವರ ಗೂಡಿನಲ್ಲೇ ಅಂಥ ಎರಡು ಗಂಟು ತೂಗುತ್ತವೆ: ದೇವರೇ, ಇಂಥದ್ದು ಆಗಲಿ, ನಿನ್ನ ಹತ್ತಿರ ಬಂದು ಬಿಚ್ಚುತ್ತೇನೆಂದು ಹರಕೆ ಹೊತ್ತು ಕಟ್ಟಿದ ಮುಡುಪು. ದಿನಾ ದೀಪ ಹಚ್ಚುವಾಗ ತಲೆಗೆ ತಾಕುತ್ತಿದ್ದರೂ ಅವಳಿಗೆ ಹೊಳೆದಿರಲಿಲ್ಲ.

“ಬಟ್ಟಿ ಒಂದು ಕಡಿ ಮುಳ್ಳಿಗೆ ಸಿಕ್ಕು ಹರಿದಿತ್ತು, ಒಳಗಿಂದು ಕಾಣ್ತಿತ್ತು” ಎಂದ ಸುಂಕಣ್ಣ. “ಕೂಸು ಬೇಕಂತ, ಕಾರು ಬೇಕಂತ, ಪರದೇಶ ಬೇಕಂತ, ಎಲ್ಲಾ ಒಂದೇ ಮುಡುಪಿನಾಗ! ಉರುಕುಂದದ ಈರಣ್ಣಸ್ವಾಮಿ ಏನು ಸೂಪರ್ ಬಜಾರ್ ಇಟ್ಟಾನೇನು? ಯಾರೋ ಭಾಳ ಆಸಿಬುರುಕಿ ಅದಾಳ.”

“ಈಗ ಎಲ್ಲೈತಿ ಅದು?”

“ಆಕಿ ಹತ್ರನ. ಪಾಪ, ಯಾರೋ ಕಟ್ಟಿ ಮರ್ತು ಹೋಗ್ಯಾರ, ತೀರಿಸದಿದ್ರ ಅವ್ರಿಗೆ ಒಳ್ಳೇದಲ್ಲಂತ ತಾನೇ ಒಯ್ದು ಸ್ವಾಮಿ ಹುಂಡಿಗೆ ಹಾಕಿ ಬರ್ತಾಳಂತ. ಇವತ್ತ ಹನ್ನೆರಡಕ್ಕ ಟ್ರ್ಯಾಕ್ಟರ್ ಮ್ಯಾಲ ಉರುಕುಂದಕ್ಕ ಹೊಂಟಾರ.”

ಹುಂಡಿಗೆ ಬಿದ್ದದ್ದು ದೇವರದು. ಹದಿನೇಳು ಕೈ, ಆರು ವರ್ಷ, ಎಂಬತ್ಮೂರರ ಮುದುಕ, ತನ್ನ ಆಣೆ. ಹರಿತಾ ಕುರಿ ತಂಗಿದ ಹೊಲದ ದಾರಿ ಕೇಳಿಕೊಂಡು, ಚಹಾ ಕುಡಿಯದೆ, ಮೊದಲು ಸ್ಟೇಷನ್ನಿನ ಕಡೆ ಸ್ಕೂಟಿ ತಿರುಗಿಸಿದಳು.

ಸ್ಟೇಷನ್ನಿನ ಮುಂದೆ ಆಮೆಯಂತೆ ಬೆನ್ನಿಗೆ ಬ್ಯಾಗು ಹೊತ್ತು ನಿಂತಿದ್ದ ಸೋಮೇಶ್ ಕೈಯಲ್ಲಿ ಫೋನು ಹಿಡಿದು ಆಗಲೇ ದಿಕ್ಕು ನೋಡುತ್ತಿದ್ದ.

“ನೀವ ಹರಿತಾ ಅಲ್ರೀ? ನಡೀರಿ, ನಿಮ್ಮ ಡಬ್ಬಿ ಹುಡುಕೂಣು. ನೀವು ಸುಳಿವು ಕೊಡಬ್ಯಾಡ್ರಿ ಮತ್ತ.”

“ಡಬ್ಬಿ ಸ್ವಲ್ಪ ಜಾಗ ಬದ್ಲಾಯಿಸೈತ್ರಿ.”

“ಎಷ್ಟು ಮೀಟರ್?”

“ಆರು ಕಿಲೋಮೀಟರ್.”

ಸ್ಕೂಟಿಯ ಹಿಂದೆ ಕೂತು ಪೂರ್ತಿ ಕತೆ ಕೇಳಿದ ಸೋಮೇಶ್ ಎರಡು ಸಲ ಬೀಳುವಷ್ಟು ನಕ್ಕ. ಹುಂಡಿಯ ಮಾತು ಬಂದಾಗ ನಗು ನಿಂತಿತು. “ಹೋಗಿ ನಿಜಾನ ಹೇಳಿಬಿಟ್ರ?”

“ನಿಜ ಏನಂತ ಹೇಳ್ಲಿ? ದೊಡ್ಡ ದೊಡ್ಡ ಮಂದಿ ಪ್ಲಾಸ್ಟಿಕ್ ಡಬ್ಬಿ ಬಚ್ಚಿಡ್ತೀವಿ, ಮತ್ತ ದೊಡ್ಡ ದೊಡ್ಡ ಮಂದಿ ರೈಲು ಹತ್ತಿ ಬಂದು ಹುಡುಕ್ತಾರ ಅಂತನಾ? ನಮ್ಮವ್ವಗ ಎರಡು ವರ್ಷದಿಂದ ಹೇಳಾಕಾಗಿಲ್ಲ. ಅದಕ್ಕಿಂತ ಮುಡುಪು ನಂದೇ ಅಂತೀನಿ, ಹರಕಿ ತೀರೇತಿ ಅಂತೀನಿ, ಇಸ್ಕಂಡು ಬರ್ತೀನಿ. ಐದು ನಿಮಿಷದ ಕೆಲಸ. ನಾ ಏನಂದ್ರೂ ನೀವು ಹೂಂ ಅನ್ರಿ ಸಾಕು.”

ಹತ್ತಿ ಬಿಡಿಸಿ ಖಾಲಿಯಾದ ಹೊಲ. ಗೊಬ್ಬರವಾಗಲೆಂದು ಹೊಲದವರು ಕರೆಸಿ ತಂಗಿಸಿದ ಇನ್ನೂರು ಕುರಿ. ಉಚ್ಚೀರಪ್ಪ ಬೇವಿನ ನೆರಳಲ್ಲಿ ಕೂತು ಕರಿ ಉಣ್ಣೆ ನೂಲುತ್ತಿದ್ದ. ಕೊಟ್ರಮ್ಮ ದಾರಿಗೆಂದು ಸಜ್ಜೆರೊಟ್ಟಿ ಕಟ್ಟುತ್ತಿದ್ದಳು. ಮಡಿಸಿಟ್ಟ ಕಂಬಳಿಯ ಮೇಲೆ, ಅರಿಶಿನದ ಭಂಡಾರ ಹಚ್ಚಿಸಿಕೊಂಡು, ಹೂ ಮುಡಿದುಕೊಂಡು, ಹರಿತಾಳ ಮೈಸೂರುಪಾಕಿನ ಡಬ್ಬಿ ಮಹಾರಾಣಿಯಂತೆ ಕೂತಿತ್ತು.

“ಅವ್ವಾ, ಆ ಮುಡುಪು ನಂದು” ಎಂದಳು ಹರಿತಾ. “ಗುಡ್ಡದ ಮ್ಯಾಲ ಇಟ್ಟಿದ್ದೆ. ಹರಕಿ ತೀರ್ತು, ಬಿಚ್ಚಾಕ ಬಂದೀನಿ.”

ಕೊಟ್ರಮ್ಮ ಮುಖವೆತ್ತಿ ಅವಳನ್ನು ಚಪ್ಪಲಿಯಿಂದ ಹೆರಳಿನವರೆಗೂ ನೋಡಿದಳು. ಆಮೇಲೆ ಡಬ್ಬಿಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.

“ಮುಡುಪು ಮನ್ಯಾಗ ದೇವ್ರ ಹತ್ರ ಕಟ್ತಾರ. ಕಲ್ಲಿನ ಸಂದ್ಯಾಗ ಯಾಕ ಇಟ್ಟಿದ್ದಿ?”

“ಮನ್ಯಾಗ ಗೊತ್ತಾಗಬಾರ್ದಿತ್ತು.”

“ಹಂಗನು” ಎಂದಳು ಕೊಟ್ರಮ್ಮ. ಈ ಉತ್ತರ ಅವಳಿಗೆ ರುಚಿಸಿತು. ರೊಟ್ಟಿಯ ಗಂಟು ಪಕ್ಕಕ್ಕೆ ಸರಿಸಿದಳು. “ಕುಂದ್ರು. ನಾ ಒಳಗ ಕೈ ಹಾಕಿಲ್ಲ ನೋಡು, ಹೊರಗಿಂದ ಕಣ್ಣಲೆ ನೋಡೀನಿ ಅಷ್ಟ. ಒಂದೊಂದ ಕೇಳ್ತೀನಿ, ತೀರೇತಿ ಅಂದ್ರ ನೀನ ಬಿಚ್ಚುವಂತಿ. ತೀರಿಲ್ಲಂದ್ರ ನನ್ನ ಕೂಡ ಉರುಕುಂದಕ್ಕ ಬಾ, ಸ್ವಾಮಿಗೆ ಕೊಟ್ಟು ಬರೂಣು. ಈ ಪುಸ್ತಕ, ಪೆನ್ಸಿಲ್ಲು?”

“ನೌಕ್ರಿ” ಎಂದು ಹರಿತಾ ತಡವರಿಸದೆ ಹೇಳಿ, ಕೊರಳಿಗೆ ಹಾಕಿಕೊಳ್ಳುವ ಸರ್ಕಾರಿ ಗುರುತಿನ ಕಾರ್ಡನ್ನು ಚೀಲದಿಂದ ತೆಗೆದು ತೋರಿಸಿದಳು. “ಸಿಕ್ತು.”

“ಬರೋಬ್ಬರಿ. ಈ ಕಾರು?”

ಹರಿತಾ ಸೋಮೇಶನ ಪಕ್ಕೆಗೆ ತಿವಿದಳು. ಅವನು ಫೋನು ತೆಗೆದು ಕಂಪನಿಯವರು ಒಂದು ಮೀಟಿಂಗಿಗೆ ಕರೆದೊಯ್ದಾಗ ಬಾಡಿಗೆ ಕಾರಿಗೆ ಒರಗಿ ತೆಗೆಸಿಕೊಂಡ ಫೋಟೊ ತೋರಿಸಿದ.

“ಕಾರಿಗೆ ಇಂವ ಯಾಕ ಒರಗ್ಯಾನ? ಇಂವ ಯಾರು?”

ಹರಿತಾ ಬಾಯಿ ತೆರೆಯುವಷ್ಟರಲ್ಲಿ ಸೋಮೇಶ್, ಹೇಳಿಕೊಟ್ಟ ಪಾಠದಂತೆ, “ಹೂಂ” ಎಂದ.

“ಹೂಂ ಅಂದ್ರ ಏನ? ಗಂಡನು?”

“ಹೂಂ.”

“ಆಗೋನು!” ಎಂದು ಹರಿತಾ ಅಡ್ಡ ಬಂದಳು. “ಇನ್ನೂ ಆಗಿಲ್ಲವ್ವಾ. ಮಾತಾಗೇತಿ.”

“ಚಲೋ ಆತು. ಹುಡುಗ ಒಂದೀಟು ಮಬ್ಬ ಅದಾನ, ಆದ್ರೂ ಪರವಾಲೇದು” ಎಂದು ಕೊಟ್ರಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದಳು. “ಇನ್ನ ಈ ಕೂಸು?”

ಸುಳ್ಳು ಹರಿತಾಳಿಗೆ ಹೊಸದಲ್ಲ, ಆದರೆ ಅವಳ ಸುಳ್ಳುಗಳೆಲ್ಲ ಒಂದೇ ಸಾಲಿನವು, ಹೇಳಿ ಓಡಿಹೋಗುವಂಥವು. ಇಲ್ಲಿ ಕೂತು ಸಂಸಾರ ಕಟ್ಟಬೇಕಿತ್ತು.

“ಅದು… ನಮ್ಮಕ್ಕಂದು. ಲಾವಣ್ಯಕ್ಕ. ಅಕ್ಕಗ ಮಕ್ಕಳಾಗ್ಲಿ ಅಂತ ನಾ ಕಟ್ಟಿದ್ದೆ. ಆತು, ಗಂಡು.” ಆಫೀಸಿನ ಗೆಳತಿಯೊಬ್ಬಳು ಗ್ರೂಪಿಗೆ ಹಾಕಿದ್ದ ಮಗುವಿನ ಫೋಟೊವನ್ನು ಫೋನಿನಲ್ಲಿ ತೋರಿಸಿದಳು.

ಕೊಟ್ರಮ್ಮ ಮಗುವಿಗೆ ದೂರದಿಂದಲೇ ದೃಷ್ಟಿ ತೆಗೆದಳು. “ಯಾವಾಗ ಆತು?”

“ಹೋದ ತಿಂಗ್ಳು.”

“ಮುಡುಪು ಯಾವಾಗ ಕಟ್ಟಿದ್ದಿ?”

“ಮೂರು ವಾರ ಆತು.”

ಅಷ್ಟು ಹೊತ್ತು ನೂಲುತ್ತಿದ್ದ ಉಚ್ಚೀರಪ್ಪ ಕೈ ನಿಲ್ಲಿಸಿದ. “ಕೂಸು ಹುಟ್ಟಿದ ಮ್ಯಾಲ ಹರಕಿ ಹೊತ್ತಾಳ” ಎಂದು ಹೆಂಡತಿಗೆ ಹೇಳಿದ. “ಈ ಹುಡುಗಿ ಕೂಡ ದೇವ್ರು ಭಾಳ ಜಲ್ದಿ ಕೆಲಸ ಮಾಡ್ಯಾನ.” ಮತ್ತೆ ನೂಲತೊಡಗಿದ.

ಸೋಮೇಶ್ ಕೆಮ್ಮುವ ನೆಪದಲ್ಲಿ ಕುರಿಗಳ ಕಡೆ ತಿರುಗಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು.

“ತಾರೀಖು ತಪ್ಪಿ ಹೇಳಿದೆ” ಎಂದಳು ಹರಿತಾ.

“ಇರ್ಲಿ ಬಿಡು. ಕಡೀದು. ಈ ಮೀನು?” ಕೊಟ್ರಮ್ಮ ಪ್ಲಾಸ್ಟಿಕ್ಕಿನ ಮೇಲೆ ಉಗುರಿನಿಂದ ತಟ್ಟಿದಳು. “ಮೀನಂದ್ರ ಸಮುದ್ರ. ಮ್ಯಾಲೆ ಪರದೇಶದ ಅಕ್ಷರ ಐತಿ, ಸುಂಕಣ್ಣನ ಹತ್ರ ಓದ್ಸೀನಿ, ಅವಗೂ ಬರ್ಲಿಲ್ಲ. ಅಂದ್ರ ಸಮುದ್ರ ದಾಟಬೇಕಂತ ನಿನಗ. ದಾಟಿದ್ಯಾ?”

“ದಾಟಾಕ ಹೊಂಟೀವಿ. ಮದ್ವಿ ಆದ ಮ್ಯಾಲ.”

“ಮದ್ವಿ ಯಾವಾಗ?”

“ಮುಂದಿನ ತಿಂಗ್ಳು” ಎಂದು ಹರಿತಾ, “ಮುಂದಿನ ವರ್ಷ” ಎಂದು ಸೋಮೇಶ್, ಇಬ್ಬರೂ ಒಟ್ಟಿಗೆ ಹೇಳಿದರು.

ಹೊಲದಾಚೆಯ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಂದು ನಿಂತು ಹಾರನ್ ಒತ್ತಿತು. ಟ್ರೇಲರ್ ತುಂಬ ಜನ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಇವತ್ತೇ ಆ ಡ್ರೈವರನಿಗೆ ಹೊತ್ತಿಗೆ ಮುಂಚೆ ಬರುವ ಬುದ್ಧಿ ಬಂದಿತ್ತು.

ಕೊಟ್ರಮ್ಮ ಡಬ್ಬಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. “ಹಂಗಾದ್ರ ಇದು ತೀರಿಲ್ಲ. ಒಂದ ಉಳಿದ್ರೂ ಮುಡುಪು ಬಿಚ್ಚಂಗಿಲ್ಲ. ನೀವಿಬ್ರೂ ಬರ್ರಿ, ಟ್ರೇಲರ್‌ನಾಗ ಜಾಗ ಐತಿ. ಹಂಗ ಮದ್ವಿ ಮಾತೂ ಸ್ವಾಮಿ ಕಿವಿಗೆ ಹಾಕಿ ಬರೂಣು.”

ಅವಳು ನಡೆದೇಬಿಟ್ಟಳು. ಸೆರಗಿನ ಗಂಟು ಹೆಜ್ಜೆಗೊಮ್ಮೆ ಅತ್ತಿತ್ತ ತೂಗುತ್ತಿತ್ತು. ಹರಿತಾ ನಾಲ್ಕನೆಯ ಸುಳ್ಳಿಗಾಗಿ ತಲೆಯೆಲ್ಲ ತಡಕಾಡಿದಳು. ಹಾವು, ಓಲೆ, ಸರ್ವೆ. ಯಾವುದೂ ಇಲ್ಲಿಗೆ ಹೊಂದುವಂತಿರಲಿಲ್ಲ.

“ಅವ್ವಾ, ನಿಂದ್ರು!” ಎಂದು ಓಡಿಹೋಗಿ ಅವಳ ಮುಂದೆ ಅಡ್ಡ ನಿಂತಳು. “ಎಲ್ಲಾ ಸುಳ್ಳು. ಮುಡುಪು ಅಲ್ಲ ಅದು. ನಂಗ ಅಕ್ಕ ಇಲ್ಲ. ಇವ್ರು ಯಾರೋ ನಂಗೂ ಸರಿ ಗೊತ್ತಿಲ್ಲ, ಬೆಳಿಗ್ಗಿ ಪರಿಚಯ ಆಗೇತಿ. ಆ ಮೀನು ಒಬ್ಬ ಮುದುಕಂದು. ದೂರ, ಏಳು ಸಮುದ್ರದ ಆಚಿ ಇರ್ತಾನ. ಎಂಬತ್ಮೂರು ವರ್ಷ. ಮೊಣಕಾಲು ಹೋಗ್ಯಾವ, ಮನಿ ಬಿಟ್ಟು ಹೊರಗ ಬರಂಗಿಲ್ಲ. ಕನ್ಯಾಕುಮಾರಿ ನೋಡಬೇಕಂತ ಆಸಿ, ಬರಾಕ ಆಗಲ್ಲ. ಅದಕ್ಕ ಈ ಮೀನು ಕಳ್ಸ್ಯಾನ. ಒಬ್ರ ಕೈಯಿಂದ ಒಬ್ರ ಕೈಗೆ, ಆರು ವರ್ಷದಿಂದ ಬರಾಕತ್ತೈತಿ. ನನ್ನ ಕೈಗೆ ಬಂದಾಗ ನಾನ ಐದು ತಿಂಗಳು ಕುಂದ್ರಿಸಿಕೊಂಡೆ. ಇವತ್ತ ಇವ್ರು ಮೂರು ಗಂಟಿ ಗಾಡಿಗೆ ಒಯ್ಯೋರದಾರ. ಹುಂಡಿಗೆ ಹಾಕಿದ್ರ ಅಲ್ಲಿಗೆ ಮುಗೀತವ್ವಾ. ಆ ಮುದುಕಗ ನಾ ಏನಂತ ಬರೀಲಿ?”

ಟ್ರ್ಯಾಕ್ಟರ್ ಇನ್ನೊಮ್ಮೆ ಹಾರನ್ ಒತ್ತಿತು. ಕೊಟ್ರಮ್ಮ ಅದರತ್ತ ಕೈ ಬೀಸಿ, “ಸಾಯಬ್ಯಾಡೋ, ನಿಂದ್ರು ಒಂದೀಟು!” ಎಂದು ಗದರಿ ಹರಿತಾಳ ಕಡೆ ತಿರುಗಿದಳು.

“ಮುದುಕಗ ಕಾಲು ಬರಂಗಿಲ್ಲ.”

“ಹೂಂ.”

“ಅದಕ್ಕ ತನ್ನ ಬದ್ಲಿ ಇದನ್ನ ಕಳ್ಸ್ಯಾನ.”

“ಹೂಂ.”

“ಹೋಗೋರ ಕೈಯಾಗ ಕೊಟ್ಟು.”

“ಹೂಂ ಅವ್ವಾ.”

“ಮತ್ತ ಮುಡುಪು ಅಲ್ಲ ಅಂತೀಯಲ್ಲೇ ಹುಚ್ಚಿ!” ಕೊಟ್ರಮ್ಮನ ದನಿಗೆ ಹತ್ತಿರದ ಕುರಿಗಳು ಬೆಚ್ಚಿ ಚದುರಿದವು. “ನಮ್ಮ ಅತ್ತಿ ಹಾಸಿಗಿ ಹಿಡಿದಾಗ ಶ್ರೀಶೈಲಕ್ಕ ಹೀಂಗ ಕಳ್ಸಿದ್ವಿ, ಹೋಗೋ ಮಂದಿ ಕೈಯಾಗ, ಊರಿಂದ ಊರಿಗೆ. ಇದು ಮುಡುಪು ಅಲ್ಲದ ಇನ್ನೇನು? ಮೊದ್ಲ ಇದನ್ನ ಹೇಳೋದು ಬಿಟ್ಟು, ನೌಕ್ರಿ ಅಂತ, ಕಾರಂತ, ಇಲ್ಲದ ಅಕ್ಕನ ಕೂಸಂತ! ತಾಸು ಹೊತ್ತು ನನ್ನ ಬಾಯಿ ನೋಯಿಸಿದಿ!”

“ನಂಬಲ್ಲ ಅಂದ್ಕೊಂಡೆ.”

“ಹುಟ್ಟಿದ ಮ್ಯಾಲ ಹರಕಿ ಹೊತ್ತ ಕೂಸನ್ನ ಅರ್ಧ ನಂಬಿದ್ದೆ, ಇದನ್ನ ನಂಬಲ್ಲೇನು?”

ಅವಳು ಅಲ್ಲೇ ನೆಲದ ಮೇಲೆ ಕೂತು ಸೆರಗು ಬಿಚ್ಚಿದಳು. ಮೂರು ಗಂಟುಗಳನ್ನು ಹರಿತಾಳ ಕೈಯಿಂದಲೇ ಬಿಚ್ಚಿಸಿದಳು. ಮೀನನ್ನು ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದಳು, ಕಣ್ಣಿಗೊತ್ತಿಕೊಂಡಳು. ಆಮೇಲೆ ಗಂಡನ ಕಡೆ ಕೈ ಚಾಚಿದಳು. ಉಚ್ಚೀರಪ್ಪ ಕೇಳದೆಯೇ ನೂಲುತ್ತಿದ್ದ ಕರಿ ಉಣ್ಣೆಯಿಂದ ಗೇಣುದ್ದ ಹರಿದು ಕೊಟ್ಟ. ಮೀನಿನ ಸೊಂಟಕ್ಕೆ ಅದನ್ನು ಎರಡು ಸುತ್ತು ಬಿಗಿದಳು.

“ಇಷ್ಟು ದೂರ ಒಬ್ಬಂಟಿ ಬಂದೈತಿ, ಎಷ್ಟು ಮಂದಿ ಕಣ್ಣು ತಾಕಿರ್ತಾವೋ. ತಗೋ ತಮ್ಮಾ” ಎಂದು ಸೋಮೇಶನ ಕೈಗಿಟ್ಟಳು. ಜೊತೆಗೆ ಎರಡು ಸಜ್ಜೆರೊಟ್ಟಿ, ಗುರೆಳ್ಳು ಚಟ್ನಿ. “ಮುಡುಪು ಒಯ್ಯೋರನ್ನ ಉಪವಾಸ ಕಳ್ಸಬಾರ್ದು. ಈಕಿ ಹೇಳಿದ್ದಕ್ಕೆಲ್ಲ ಹೂಂ ಅಂತ ಮಾತ್ರ ಕುಣೀಬ್ಯಾಡ, ಮನಿ ಹಾಳಾಗ್ತೈತಿ.”

“ಹೂಂ” ಎಂದ ಸೋಮೇಶ್.

ಮೂರು ಗಂಟೆಯ ರೈಲು ಮೂರೂವರೆಗೆ ಬಂತು. ಪ್ಲಾಟ್‌ಫಾರಂ ಮೇಲೆ ಇಬ್ಬರೂ ರೊಟ್ಟಿ ಹರಿದು ತಿಂದರು. ಸೋಮೇಶ್ ಡಬ್ಬಿಯ ಪುಸ್ತಕದಲ್ಲಿ ಹೆಸರು ಬರೆದ. ಹುಡುಕದೇ ಸಿಕ್ಕ ಡಬ್ಬಿಗೆ ಹೆಸರು ಹಾಕುವುದು ನಿಯಮವೋ ಅಲ್ಲವೋ ಎಂದು ಇಬ್ಬರೂ ವಾದ ಮಾಡುತ್ತಿರುವಾಗಲೇ ಗಾಡಿ ಹೊರಟಿತು.

ಐದನೆಯ ದಿನ ಫೋಟೊ ಬಂತು. ಬಂಡೆ, ಬಂಡೆಯ ಮೇಲೆ ಅಲೆಯ ನೊರೆ, ನೊರೆಯ ಮುಂದೆ ಸೊಂಟಕ್ಕೆ ಕರಿದಾರ ಕಟ್ಟಿಕೊಂಡ ಹಿತ್ತಾಳೆ ಮೀನು. ರಾತ್ರಿಯೊಳಗೆ ಪೋರ್ಚುಗಲ್ಲಿನಿಂದಲೂ ಉತ್ತರ ಬಂತು: ‘ನೋಡಿದೆ. ಬಹಳ ಹೊತ್ತು ನೋಡಿದೆ. ಆ ಕಪ್ಪು ದಾರ ಕಟ್ಟಿದವರು ಯಾರು? ಅವರ ಕೈಗೆ ನನ್ನ ಮುತ್ತು. ಅದನ್ನು ಬಿಚ್ಚದೆ ಹಾಗೇ ಮನೆಗೆ ಕಳಿಸಿ.’

ಹರಿತಾ ಹೊಲಕ್ಕೆ ಹೋಗಿ ಅದನ್ನು ಕೊಟ್ರಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದಳು. ಕೊಟ್ರಮ್ಮ ಮೂರು ಸಲ ಓದಿಸಿದಳು. ಮೂರನೆಯ ಸಲಕ್ಕೆ ಉಚ್ಚೀರಪ್ಪ, “ಕೈಗೆ ಮುತ್ತಂತ. ದಾರ ನೂತಿದ್ದು ನಾನು” ಎಂದು ಗೊಣಗಿದ.

ಡಬ್ಬಿ ಮತ್ತೆ ಜೋಡುಕಲ್ಲಿನ ಸಂದಿಗೆ ಹೋಯಿತು, ಈ ಸಲ ಕಂದುಬಣ್ಣದ ಗೋಣಿಚೀಲದಲ್ಲಿ. ಅಲ್ಲಿಗೆ ಮುಗಿಯಿತೆಂದೇ ಹರಿತಾ ತಿಳಿದಿದ್ದಳು. ಒಂದೂವರೆ ತಿಂಗಳ ಮೇಲೆ ಮಂತ್ರಾಲಯಕ್ಕೆ ಬಂದಿದ್ದ ಪುಣೆಯ ಗಂಡಹೆಂಡತಿ ಅವಳ ಡಬ್ಬಿ ಹುಡುಕಿ ಆಪ್‌ನಲ್ಲಿ ಹೀಗೆ ಬರೆದರು: ‘ಡಬ್ಬಿ ಎರಡು ನಿಮಿಷದಲ್ಲಿ ಸಿಕ್ಕಿತು. ನಾವು ಏನನ್ನೂ ತೆಗೆದುಕೊಳ್ಳಲಿಲ್ಲ, ಆದರೆ ನಮಗೆ ನಾಲ್ಕು ಕೊಡಲಾಯಿತು. ಶಿರಡಿಗೆ ಎರಡು, ಪಂಢರಪುರಕ್ಕೆ ಎರಡು. ಬೇಡವೆನ್ನಲು ಆಗಲಿಲ್ಲ. ರೊಟ್ಟಿ ಚೆನ್ನಾಗಿತ್ತು.’

ಹರಿತಾ ಅಂದೇ ಸಂಜೆ ಸ್ಕೂಟಿ ಓಡಿಸಿಕೊಂಡು ಗುಡ್ಡಕ್ಕೆ ಹೋದಳು. ಸುಂಕಣ್ಣ ಅವಳನ್ನು ಕಂಡು ಮೇಲಕ್ಕೆ ಬೆರಳು ತೋರಿಸಿದ. ಜೋಡುಕಲ್ಲಿನ ನೆರಳಲ್ಲಿ ಕೊಟ್ರಮ್ಮ ಕಾಲು ಚಾಚಿ ಕೂತಿದ್ದಳು. ಸಂದಿಯಲ್ಲಿ ಡಬ್ಬಿಯ ಪಕ್ಕದಲ್ಲಿ ಈಗ ಒಂದು ಅಲ್ಯೂಮಿನಿಯಂ ಹಾಲಿನ ಕ್ಯಾನು. ಅದರ ತುಂಬ ಹಳದಿ ಗಂಟುಗಳು. ಒಂದೊಂದಕ್ಕೂ ಗುರುತಿಗೆ ಒಂದೊಂದು ಬಣ್ಣದ ಉಣ್ಣೆ.

“ಅವ್ವಾ, ಏನಿದು?”

“ಕರೀದು ಶ್ರೀಶೈಲ, ಬಿಳೀದು ತಿರುಪತಿ, ಕೆಂಚಂದು ಧರ್ಮಸ್ಥಳ” ಎಂದು ಕೊಟ್ರಮ್ಮ ಎಣಿಸಿದಳು. “ಎಲ್ಲಾ ಹೋಗಾಕ ಆಗದವ್ರವು. ಬಸವಕ್ಕಗ ಸೊಂಟ ನೋವು, ಮಾರೆಣ್ಣಗ ಕುರಿ ಬಿಟ್ಟು ಹೋಗಾಕ ಆಗಲ್ಲ. ನಿಮ್ಮ ಮಂದಿ ಹೆಂಗೂ ಊರೂರು ತಿರಗ್ತೀರಲ್ಲ.”

“ಇದು ಬರೀ ಆಟ ಅವ್ವಾ. ಮತ್ತ ಹಾದಿ ಹೋಗೋರಿಗೆ ಯಾರಿಗೂ ಗೊತ್ತಾಗಬಾರ್ದು ಇದು. ಕದ್ದು ಬರಬೇಕು, ಕದ್ದು ಹೋಗಬೇಕು.”

“ಅದಕ್ಕ ಅಲ್ಲೇನ ನಾ ಕಲ್ಲಿನ ಹಿಂದ ಕುಂತೀನಿ. ಅವ್ರು ಕದ್ದು ಬರ್ತಾರ, ನಾ ಕದ್ದು ಹಿಡೀತೀನಿ. ಆಟ ನಂಗೂ ತಿಳೀತೈತಿ.” ಕೊಟ್ರಮ್ಮ ಕ್ಯಾನಿನ ತಳಕ್ಕೆ ಕೈ ಹಾಕಿ ಎರಡು ದಾರ ಸುತ್ತಿದ ಒಂದು ದಪ್ಪ ಗಂಟನ್ನು ಹೊರತೆಗೆದಳು. “ಇದೊಂದ ಉಳಿದೈತಿ. ಕಾಶೀದು. ಹದಿನೈದು ದಿನಾತು, ಆ ಕಡಿ ಹೋಗೋ ಒಬ್ರೂ ಬರವಲ್ರು. ನಿನ್ನ ಫೋನ್ಯಾಗ ನೋಡು, ಯಾರಾದ್ರೂ ಅದಾರೇನು?”

ಹರಿತಾ ಬಂಡೆಗೆ ಒರಗಿ ಕೂತು ಆಪ್ ತೆರೆದಳು. ವಾರಣಾಸಿಯಲ್ಲಿ ಈ ಆಟದವರು ನಾಲ್ಕು ಜನ ಇದ್ದರು. ಅವರಲ್ಲೊಬ್ಬ ಮುಂದಿನ ವಾರ ಹಂಪಿಗೆ ಬರುವವನಿದ್ದ.

‘ಹಂಪಿಗೆ ಬಂದವರು ಆದೋನಿಗೂ ಬನ್ನಿ’ ಎಂದು ಅವಳು ಅವನಿಗೆ ಬರೆದಳು. ‘ಇಲ್ಲೊಂದು ಡಬ್ಬಿ ಇದೆ. ಬಹಳ ಸುಲಭದ್ದು. ಬರುವಾಗ ಬ್ಯಾಗು ಮಾತ್ರ ಖಾಲಿ ಇರಲಿ.’